ನೆಲ ಅದುರಿದ ಎರಡು ದಿನ

ಬೋರ್‌ವೆಲ್ ಕೊರೆಯುವ ಲಾರಿ ಊರಿಗೆ ಬಂತೆಂದರೆ ಮಕ್ಕಳೆಲ್ಲ ಊಟ ಬಿಟ್ಟು ಓಡುತ್ತಿದ್ದ ಕಾಲ ಅದು. ದಿಬ್ಬೂರಹಳ್ಳಿಗೆ ಮೂರು ಮೈಲಿ ದೂರದ ನಮ್ಮೂರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಹಿಪ್ಪುನೇರಳೆ ತೋಟ, ಮನೆಗೆ ತಾಗಿಕೊಂಡೇ ರೇಷ್ಮೆ ಹುಳು ಸಾಕುವ ಹುಳದ ಮನೆ. ರಾಗಿ ಕೊಯ್ಲು ಮುಗಿದು ಅವರೆಕಾಯಿ ಸೊಗಡು ಬೀದಿಗೆಲ್ಲ ಹರಡುವ ಹೊತ್ತಿಗೆ ನಮಗೆ ಆಟವೂ ಅದೇ, ಊಟವೂ ಅದೇ. ಜಗಲಿ ಮೇಲೆ ಕೂತು ನೆನೆಸಿದ ಕಾಳು ಹಿಚುಕುತ್ತಾ ಒಬ್ಬರ ಮುಖಕ್ಕೊಬ್ಬರು ಚಿಮ್ಮಿಸಿ ನಗುತ್ತಿದ್ದೆವು. ನನಗಾಗ ಒಂಬತ್ತು ವರ್ಷ. ಆ ವರ್ಷದ ಅವರೆಕಾಯಿ ಕಾಲ ನೆನೆದರೆ ಮಾತ್ರ ಈಗಲೂ ನನ್ನ ಅಂಗಾಲು ತಣ್ಣಗಾಗುತ್ತದೆ.

ಅಪ್ಪನ ತಂಗಿ ರತ್ನತ್ತೆ ನಮ್ಮ ಜೊತೆಯೇ ಇದ್ದಳು. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು, ಮಾತೂ ಬಾರದು. ಆದರೆ ಮನೆಯೊಳಗೆ ಅದೊಂದು ಕೊರತೆ ಎಂದು ನನಗೆ ಅನಿಸಿದ್ದೇ ಇಲ್ಲ. ಅಜ್ಜಿ ಅವಳೊಂದಿಗೆ ಕೈಸನ್ನೆಯಲ್ಲಿ ಗಂಟೆಗಟ್ಟಲೆ ಜಗಳವಾಡುತ್ತಿದ್ದಳು. ಅತ್ತೆಯನ್ನು ಕರೆಯಬೇಕೆಂದರೆ ನೆಲವನ್ನು ಒಮ್ಮೆ ಜೋರಾಗಿ ತುಳಿದರಾಯಿತು. ನಮ್ಮದು ಕಲ್ಲು ಚಪ್ಪಡಿ ಹಾಸಿದ ಮನೆ. ಅತ್ತೆಯದು ಸದಾ ಬರಿಗಾಲು. ಅಡುಗೆಮನೆಯಲ್ಲಿ ತುಳಿದರೆ ನಡುಮನೆಯಲ್ಲಿ ತಿರುಗಿ ನೋಡುತ್ತಿದ್ದಳು. ಹಿಂದಿನಿಂದ ಮೆಲ್ಲಗೆ ಬಂದು ಅವಳನ್ನು ಬೆಚ್ಚಿಬೀಳಿಸಲು ನಾನು ಎಷ್ಟು ಸಲ ನೋಡಿದ್ದೆನೋ, ಒಮ್ಮೆಯೂ ಆಗಲಿಲ್ಲ.

ಹಾವೂ ಹಾಗೇ ಎಂದು ಅಪ್ಪ ಹೇಳಿಕೊಟ್ಟಿದ್ದ. ತೋಟಕ್ಕೆ ಸೊಪ್ಪು ಕೊಯ್ಯಲು ಹೋಗುವಾಗ ಕಾಲು ಬಲವಾಗಿ ಊರಿ, ಕೋಲು ಕುಟ್ಟುತ್ತಾ ನಡೆಯಬೇಕು. "ಅದಕ್ಕೆ ನಮ್ಮಂಗೆ ಕಿವಿ ಇಲ್ಲ ಕಣಮ್ಮ. ನೆಲದ ಮೇಲೆ ಇಟ್ಟಿರ್ತದಲ್ಲ, ಆ ಮೈನಾಗೇ ಎಲ್ಲಾ ತಿಳ್ಕೊಂತದೆ. ನೀನು ಬರೋದು ಗೊತ್ತಾದ್ರೆ ಅದೇ ದಾರಿ ಬಿಡ್ತದೆ" ಎನ್ನುತ್ತಿದ್ದ. ಆ ಮಾತು ನಂಬಿಕೊಂಡೇ ನಾನು ಧೈರ್ಯವಾಗಿ ಓಡಾಡುತ್ತಿದ್ದೆ.

ಆ ವರ್ಷ ನಮ್ಮ ಪಕ್ಕದ ಹೊಲದವರು ಬೋರ್ ಕೊರೆಸಿದರು. ಮೊದಲ ದಿನ ಬೆಳಿಗ್ಗೆ ಲಾರಿ ಶುರುವಾದ ಕೂಡಲೇ ನಮ್ಮ ಮನೆಯ ಕೊಡದ ನೀರಿನಲ್ಲಿ ಸಣ್ಣ ಸಣ್ಣ ಅಲೆ ಎದ್ದವು. ಹಸುಗಳು ಮೇವು ಬಿಟ್ಟು ಹಗ್ಗ ಎಳೆದಾಡಿದವು. ನಾಯಿ ಮಲಗಿದ ಜಾಗ ಬದಲಾಯಿಸಿ ಬದಲಾಯಿಸಿ ಕೊನೆಗೆ ಮಂಚ ಹತ್ತಿತು. ಹತ್ತು ಗಂಟೆಯ ಹೊತ್ತಿಗೆ ಬದುಗಳಿಂದ ಇಲಿಗಳು ಹೊರಬಿದ್ದವು, ಅವುಗಳ ಹಿಂದೆ ಹಾವುಗಳು. ಕೊಟ್ಟಿಗೆಯಲ್ಲಿ ಮಾರುದ್ದದ ಕೇರೆಹಾವು ಕಂಡಿತು. ಕಣದ ಹುಲ್ಲಿನ ಮೆದೆ ಹತ್ತಿರ ಕೊಳಕುಮಂಡಲವನ್ನು ಅಪ್ಪ ನೋಡಿದ. ಸಂಜೆ ಬಂದವನೇ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ:

"ನೆಲ ಎಲ್ಲಾ ಒಂದೇ ಸಮ ಅದುರ್ತಾ ಐತೆ. ಯಾರು ಎತ್ಲಿಂದ ಬರ್ತಾವ್ರೆ ಅಂತ ಅವಕ್ಕೆ ತಿಳಿಯಾಕಿಲ್ಲ. ಕಾಲು ಕುಟ್ಟಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನೋಡ್ಕೊಂಡು ಹೆಜ್ಜೆ ಇಡಿ."

ನನ್ನ ಧೈರ್ಯವೆಲ್ಲ ಅಲ್ಲಿಗೇ ಸೋರಿಹೋಯಿತು. ನಾನು ಕಾಲು ಮೇಲೆತ್ತಿಕೊಂಡು ಕೂತೆ. ರತ್ನತ್ತೆಯ ಪಾಡು ಇನ್ನೂ ಕೆಟ್ಟದಾಗಿತ್ತು. ಎಂದೂ ಬೆಚ್ಚದವಳು ಆ ದಿನ ಯಾರು ಹತ್ತಿರ ಬಂದರೂ ಬೆಚ್ಚುತ್ತಿದ್ದಳು. ಅಮ್ಮ ಭುಜ ಮುಟ್ಟಿದ್ದಕ್ಕೆ ಕೈಯಲ್ಲಿದ್ದ ಸಾರಿನ ಪಾತ್ರೆ ಬಿಟ್ಟುಬಿಟ್ಟಳು. ಗೋಡೆಗೆ ಬೆನ್ನು ಕೊಟ್ಟೇ ಊಟ ಮಾಡಿದಳು.

ಎರಡನೆಯ ದಿನ ಮಧ್ಯಾಹ್ನ ಅಪ್ಪ ನೀರು ಬಿತ್ತೇ ಎಂದು ನೋಡಲು ಪಕ್ಕದ ಹೊಲಕ್ಕೆ ಹೋಗಿದ್ದ. ಅಮ್ಮ ಸೊಪ್ಪಿನ ಬುಟ್ಟಿ ಕೊಟ್ಟು ನನ್ನನ್ನು ಹುಳದ ಮನೆಗೆ ಕಳಿಸಿದಳು. ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಹೊಟ್ಟೆ ತುಂಬಾ ತಿನ್ನುವ ದಿನಗಳು. ಬಾಗಿಲು ತೆರೆದರೆ ಹಸಿ ಸೊಪ್ಪಿನ, ಹಿಕ್ಕೆಯ, ಸುಣ್ಣದ ಬೆಚ್ಚನೆ ವಾಸನೆ. ಲಾರಿಯ ಮೊರೆತದ ನಡುವೆಯೂ, ಎಲ್ಲೋ ಯಾರೋ ಒಣ ತೆನೆ ತುಳಿಯುತ್ತಿರುವಂಥ ಅವುಗಳ ಮೇಯುವ ಸದ್ದು. ಬಾಗಿಲಿನಿಂದ ಆ ಕೊನೆಯ ಗೋಡೆಯವರೆಗೆ ಉದ್ದನೆಯ ಬಿದಿರು ಗಳಗಳನ್ನು ಕಟ್ಟಿ ಅವುಗಳ ಮೇಲೆ ಹುಳುಗಳ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು. ಇರುವೆ ಹತ್ತದಂತೆ ಆ ಅಟ್ಟಣೆಯ ಕಾಲುಗಳ ಕೆಳಗೆ ನೀರಿನ ಬಟ್ಟಲು.

ಅತ್ತೆ ಆ ತುದಿಯಲ್ಲಿ ನನಗೆ ಬೆನ್ನು ಹಾಕಿ ನಿಂತಿದ್ದಳು. ಎಡಗೈ ಗಳದ ಮೇಲೆ, ಬಲಗೈಯಿಂದ ಸೊಪ್ಪು ಹರಡುತ್ತಿದ್ದಳು. ಅವಳ ಹಿಮ್ಮಡಿಯಿಂದ ಒಂದು ಮೊಳ ದೂರದಲ್ಲಿ ಬಟ್ಟಲನ್ನು ಸುತ್ತಿಕೊಂಡು ಏನೋ ಬಿದ್ದಿತ್ತು. ನೀರಿನ ಪೈಪಿರಬೇಕು ಎಂದುಕೊಂಡೆ. ಪೈಪು ತಲೆ ಎತ್ತಿತು.

"ಅತ್ತೇ" ಎಂದು ಕಿರುಚಿದೆ. ಆ ಕೋಣೆಯಲ್ಲಿದ್ದ ಮೂವರಲ್ಲಿ ನನ್ನ ಕೂಗು ಕೇಳಿಸಿದ್ದು ನನಗೊಬ್ಬಳಿಗೇ ಇರಬೇಕು. ಅತ್ತೆ ಸೊಪ್ಪು ಹರಡುತ್ತಲೇ ಇದ್ದಳು. ಅಭ್ಯಾಸಬಲದಿಂದ ನೆಲ ತುಳಿಯಲು ಕಾಲೆತ್ತಿದೆ. ಎತ್ತಿದ ಕಾಲು ಹಾಗೇ ನಿಂತಿತು. ಅಷ್ಟು ಅದುರಾಟದಲ್ಲಿ ಅತ್ತೆಗೆ ಗೊತ್ತಾಗದಿದ್ದರೆ? ಹಾವಿಗೆ ಮಾತ್ರ ಗೊತ್ತಾಗಿಬಿಟ್ಟರೆ? ಓಡಿಹೋಗಿ ಎಳೆಯೋಣವೆಂದರೆ ಹಾವನ್ನು ದಾಟಿಯೇ ಹೋಗಬೇಕು. ಅತ್ತೆ ಒಂದು ಹೆಜ್ಜೆ ಹಿಂದಿಟ್ಟರೆ ಮುಗಿಯಿತು.

ಆಗ ಗಳದ ಮೇಲಿದ್ದ ಅವಳ ಕೈ ಕಾಣಿಸಿತು. ಅದೇ ಗಳದ ಈ ತುದಿ ನನ್ನ ಪಕ್ಕದಲ್ಲೇ ಇತ್ತು. ಬೆರಳ ಗೆಣ್ಣಿನಿಂದ ಕುಟ್ಟಿದೆ. ಒಮ್ಮೆಗೇ ಹುಳುಗಳ ಮೇಯುವ ಸದ್ದು ನಿಂತಿತು. ತಟ್ಟೆ ತಟ್ಟೆಯಲ್ಲೂ ಸಾವಿರ ಬಿಳಿ ತಲೆಗಳು ಮೇಲೆದ್ದು ಅಲ್ಲಾಡದೆ ನಿಂತವು. ಅತ್ತೆ ತಿರುಗಲಿಲ್ಲ, ಲಾರಿಯ ಅದುರಾಟವೆಂದೇ ಎಣಿಸಿರಬೇಕು. ಮತ್ತೆ ಕುಟ್ಟಿದೆ. ಎರಡು ಸಲ ಬೇಗ, ಸ್ವಲ್ಪ ತಡೆದು ಇನ್ನೆರಡು ಸಲ. ಯಂತ್ರ ಹಾಗೆ ಕುಟ್ಟುವುದಿಲ್ಲವಲ್ಲ. ಅತ್ತೆಯ ಬೆರಳುಗಳು ಬಿಗಿಯಾದವು. ಕತ್ತನ್ನಷ್ಟೇ ಹೊರಳಿಸಿ ನೋಡಿದಳು.

ನಾನು ಅಂಗೈಯನ್ನು ಹೆಡೆಯಂತೆ ಬಗ್ಗಿಸಿ ಅವಳ ಕಾಲಿನತ್ತ ತೋರಿಸಿದೆ. ಅವಳು ಕಣ್ಣು ಮಾತ್ರ ಕೆಳಗಿಳಿಸಿದಳು. ಅವಳ ಮುಖದಿಂದ ರಕ್ತ ಇಳಿದುಹೋದದ್ದು ಅಷ್ಟು ದೂರದಿಂದಲೂ ಕಂಡಿತು. ಆದರೂ ಬಲಗೈ ಮುಷ್ಟಿ ಮಾಡಿ ಮೆಲ್ಲಗೆ ಎದೆಗೆ ಒತ್ತಿಕೊಂಡಳು. ಕಲ್ಲಾಗು ಎಂದು ಅದರ ಅರ್ಥ. ಹೇಳಿದ್ದು ನನಗೆ. ಸೀರೆಯ ಅಂಚು ಕದಲಿತೇನೋ, ಹಾವು ಹೆಡೆ ಬಿಚ್ಚಿ ಅವಳ ಮೊಣಕಾಲಿನೆತ್ತರಕ್ಕೆ ಎದ್ದು ನಿಂತಿತು. ಅದು ತೂಗುತ್ತಿತ್ತು. ಅತ್ತೆ ನಿಂತಿದ್ದಳು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ.

ಇದ್ದಕ್ಕಿದ್ದಂತೆ ಹೊರಗೆ ಲಾರಿ ನಿಂತಿತು. ಹೊಸ ರಾಡು ಜೋಡಿಸಲು ನಿಲ್ಲಿಸಿರಬೇಕು. ಬಟ್ಟಲುಗಳ ನೀರು ಸಮವಾಯಿತು. ಹಾವು ಹೆಡೆ ಇಳಿಸಿ, ಬಂದ ದಾರಿ ನೆನಪಾದಂತೆ ಬಾಗಿಲ ಕಡೆಗೆ, ಅಂದರೆ ನನ್ನ ಕಡೆಗೆ ಹೊರಟಿತು.

ಅಷ್ಟು ಭಯ ನಾನು ಮತ್ತೆಂದೂ ಪಟ್ಟಿಲ್ಲ. ನನ್ನ ಮೊಣಕಾಲುಗಳು ನಡುಗುತ್ತಿದ್ದವು. ಈಗ ನೆಲ ನಿಶ್ಶಬ್ದವಾಗಿತ್ತು. ಆ ನಡುಕ ಚಪ್ಪಡಿಗಿಳಿದು ಅದರ ಮೈಗೆ ತಾಗಿಯೇ ತಾಗುತ್ತದೆ, ನಾನೇ ಅದನ್ನು ನನ್ನ ಬಳಿಗೆ ಕರೆಯುತ್ತಿದ್ದೇನೆ ಅನಿಸಿತು. ನಡುಕ ನಿಲ್ಲಿಸಲು ನೋಡಿದಷ್ಟೂ ಹೆಚ್ಚಾಯಿತು. ಲಂಗ ಒದ್ದೆಯಾಯಿತು. ಅತ್ತೆ ನನ್ನ ಕಣ್ಣನ್ನು ಬಿಡದೆ ನೋಡುತ್ತಾ ಮುಷ್ಟಿಯನ್ನು ಎದೆಯ ಮೇಲೆ ಒತ್ತಿಕೊಂಡೇ ಇದ್ದಳು. ನಾನೂ ಅವಳನ್ನೇ ನೋಡಿದೆ, ಕೆಳಗೆ ನೋಡಲಿಲ್ಲ. ಒಣ ಸೊಪ್ಪಿನ ಮೇಲೆ ಸರಸರ ಸದ್ದು ನನ್ನ ಹೆಬ್ಬೆರಳಿನ ಪಕ್ಕಕ್ಕೆ ಬಂತು, ಹೊಸಿಲಿಗೆ ಹೊಟ್ಟೆ ಉಜ್ಜಿತು, ತಿಪ್ಪೆಯ ಕಡೆಗೆ ಹೋಯಿತು.

ಅತ್ತೆ ಓಡಿಬಂದು ನನ್ನನ್ನು ಎತ್ತಿಕೊಂಡಳು. ಅವಳ ಗಂಟಲಿಂದ ಒಂದು ಸದ್ದು ಹೊರಟಿತು, ಒಡೆದ, ಏರಿಳಿತವಿಲ್ಲದ ಸದ್ದು. ಅವಳ ದನಿ ಕೇಳಿದ್ದು ಅದೊಂದೇ ಸಲ. ಕೇಳಿದ್ದಕ್ಕಿಂತ ಹೆಚ್ಚಾಗಿ, ಅವಳ ಎದೆಗೊತ್ತಿದ್ದ ನನ್ನ ಕೆನ್ನೆಯ ಮೂಳೆ ಝುಮ್ಮೆಂದದ್ದು ನೆನಪಿದೆ.

ಸಂಜೆ ಬೋರಿನಲ್ಲಿ ನೀರು ಬಂತೆಂದು ಪಕ್ಕದವರು ಬೂಂದಿ, ಬಾಳೆಹಣ್ಣು ಕಳಿಸಿದರು. ನನಗೆ ಒಂದು ಕಾಳೂ ಇಳಿಯಲಿಲ್ಲ. ಅಪ್ಪ ತಿಪ್ಪೆಯನ್ನೆಲ್ಲ ಕೆದಕಿ ನೋಡಿ ಬಂದ, ಏನೂ ಸಿಗಲಿಲ್ಲ. ಹಾವಿನ ಹೆಸರೆತ್ತದೆ ‘ಒಳ್ಳೇದು’ ಎಂದೇ ಕರೆಯುತ್ತಿದ್ದ ಅಜ್ಜಿ, "ಒಳ್ಳೇದು ಅದರ ಪಾಡಿಗೆ ಇತ್ತು. ಅದರ ಮನೆ ಅಲ್ಲಾಡ್ಸಿದ್ದು ನಾವು" ಎಂದಷ್ಟೇ ಹೇಳಿ ನನಗೆ ದೃಷ್ಟಿ ತೆಗೆದಳು. ತಿಂಗಳವರೆಗೆ ನಾನು ಮಂಚದಿಂದ ಕಾಲಿಳಿಸಲು ಹೆದರುತ್ತಿದ್ದೆ. ಅತ್ತೆ ದಿನವೂ ಬಂದು ಬೆನ್ನು ಬಗ್ಗಿಸುತ್ತಿದ್ದಳು, ನಾನು ಉಪ್ಪುಮೂಟೆಯಾಗಿ ಅಂಗಳ ದಾಟುತ್ತಿದ್ದೆ.

ಎರಡು ವರ್ಷಕ್ಕೆ ಗೌರಿಬಿದನೂರಿನ ಕಡೆಯ ಒಬ್ಬ ಟೈಲರಿಗೆ ಅವಳನ್ನು ಕೊಟ್ಟರು. ಒಳ್ಳೆಯ ಮನುಷ್ಯ. ಇಬ್ಬರು ಮಕ್ಕಳಾದರು. ಅವರಿಬ್ಬರೂ ಅಮ್ಮನ ಜೊತೆ ಬೇರೆಯದೇ ಸನ್ನೆಗಳಲ್ಲಿ, ಮೊಬೈಲಿನ ವಿಡಿಯೊದಲ್ಲಿ ಮಾತಾಡುತ್ತಾರೆ. ನಮ್ಮ ಮನೆಯ ಸನ್ನೆಗಳನ್ನು ಅಜ್ಜಿ ಮತ್ತು ಅತ್ತೆ ಸೇರಿ ಕಟ್ಟಿದ್ದರು. ಅವನ್ನು ಎಲ್ಲೂ ಬರೆದಿಟ್ಟಿಲ್ಲ, ಅವು ಬೇರೆ ಯಾವ ಊರಲ್ಲೂ ಇಲ್ಲ. ಅಜ್ಜಿ ಹೋದಳು, ಅಪ್ಪ ಹೋದ, ಹೋದ ವರ್ಷ ಅಮ್ಮನೂ ಹೋದಳು. ಈಗ ಅವನ್ನು ಬಲ್ಲವರು ಅತ್ತೆ ಮತ್ತು ನಾನು, ಇಬ್ಬರೇ.

ಕಳೆದ ತಿಂಗಳು ಅವಳನ್ನು ನೋಡಲು ಹೋಗಿದ್ದೆ. ನನ್ನ ಕೆನ್ನೆ ಸವರಿ, ಬೆರಳ ತುದಿಗಳನ್ನು ಗಲ್ಲಕ್ಕೆ ತಾಗಿಸಿ, ಮುಂಗೈಯನ್ನು ಎರಡು ಸಲ ಹೊರಳಿಸಿ ಏನೋ ಕೇಳಿದಳು. ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಮಾಡಿ ತೋರಿಸಿದಳು. ಅಮ್ಮನಿಗೆ ಗೊತ್ತಿರುತ್ತಿತ್ತು. ನಾನು ಗೊತ್ತಾದವಳಂತೆ ತಲೆಯಾಡಿಸಿದೆ. ಅತ್ತೆ ಒಂದು ಕ್ಷಣ ನನ್ನನ್ನೇ ನೋಡಿ, ಕೈ ಇಳಿಸಿ, ಕಾಫಿಗೆ ನೀರಿಡಲು ಒಳಗೆ ಹೋದಳು.