ಕಿರುಬೆರಳಿನ ಮಾತು

ನೀರಿಗಿಳಿಯುವಾಗ ಹಾಕುವ ಮಾಸ್ಕಿನ ಗಾಜಿಗೆ ಒಳಗಡೆಯಿಂದ ಉಗುಳಬೇಕು ಎಂದು ಹೇಳಿದ ಕೂಡಲೇ ಮಕ್ಕಳು ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದವು. ಮನೆ, ಶಾಲೆ, ಬೀದಿ, ಎಲ್ಲಿ ಉಗುಳಿದರೂ ಬೈಸಿಕೊಳ್ಳುವ ಮಕ್ಕಳಿಗೆ ದೊಡ್ಡವರೊಬ್ಬರು ತಾವಾಗಿಯೇ "ಉಗೀರಿ, ನಾಚ್ಕೋಬೇಡಿ, ಇನ್ನೊಂದು ಸಲ ಉಗೀರಿ" ಎಂದರೆ ನಂಬುವುದಾದರೂ ಹೇಗೆ? ಎಂಜಲು ಸವರಿ ತೊಳೆದ ಗಾಜು ನೀರಿನಲ್ಲಿ ಮಬ್ಬಾಗುವುದಿಲ್ಲ, ಕಾರಣ ಅಷ್ಟೇ. ಆದರೆ ಉಗುಳಿ, ನಕ್ಕು, ಪಕ್ಕದವನ ಉಗುಳಿಗಿಂತ ನನ್ನದೇ ಹೆಚ್ಚು ಎಂದು ಜಗಳವಾಡುವ ಹೊತ್ತಿಗೆ ಮಕ್ಕಳ ಹೆದರಿಕೆ ಅರ್ಧ ಕರಗಿರುತ್ತಿತ್ತು. ಗುಳ್ಳೆ ಟೀಚರ್ ಪಾಠ ಶುರುವಾಗುತ್ತಿದ್ದುದು ಹೀಗೆ.

ಆ ಹೆಸರು ಮಕ್ಕಳೇ ಇಟ್ಟದ್ದು. ನೀರಿನೊಳಗೆ ಅವಳು ಬಿಡುವ ಉಸಿರಿನ ಗುಳ್ಳೆಗಳು ಅವಸರವಿಲ್ಲದೆ, ದುಂಡದುಂಡಗೆ ಮೇಲೇಳುತ್ತಿದ್ದವು. ನೋಡುತ್ತಾ ನೋಡುತ್ತಾ ಮಕ್ಕಳ ಉಸಿರೂ ಅದೇ ನಡಿಗೆಗೆ ಬರುತ್ತಿತ್ತು.

ಸಮುದ್ರದ ಬದಿಯ ಆ ಡೈವಿಂಗ್ ಅಂಗಡಿಗೆ ಅವಳು ಸೇರಿದ್ದು ರಬ್ಬರ್ ಸೂಟುಗಳನ್ನು ತೊಳೆಯುವುದಕ್ಕೆ. ಆಗ ಅವಳಿಗೆ ಈಜು ಕೂಡ ಬರುತ್ತಿರಲಿಲ್ಲ. ಅಪ್ಪ ಅಮ್ಮ ಇರಲಿಲ್ಲ. ಶಾಲೆಗೆ ಹೋಗುವ ತಮ್ಮನೊಬ್ಬನಿದ್ದ, ಅವನ ಹೊಟ್ಟೆ ಬಟ್ಟೆ ಎಲ್ಲ ಅವಳ ಮೇಲೆಯೇ. ಹಿಂದಿನ ತೊಳೆಯುವ ಕೋಣೆಯಲ್ಲಿ ಕುಳಿತು ಸೂಟುಗಳನ್ನು ಒಳಗೆ ಹೊರಗೆ ಮಾಡುವಾಗ ಅವಳಿಗೆ ಒಂದು ವಿಷಯ ಗೊತ್ತಾಗುತ್ತಿತ್ತು. ಯಾವ ಮಗು ನೀರಿನಲ್ಲಿ ಹೆದರಿತ್ತು ಎಂಬುದನ್ನು ಸೂಟಿನ ಉಚ್ಚೆ ವಾಸನೆಯೇ ಹೇಳಿಬಿಡುತ್ತಿತ್ತು. ದಡದಲ್ಲಿ ನಗುತ್ತಾ ಫೋಟೋಗೆ ನಿಂತ ಮಗುವಿನ ಸೂಟೂ ಕೆಲವೊಮ್ಮೆ ಹಾಗೆಯೇ ನಾರುತ್ತಿತ್ತು. ಮಕ್ಕಳು ದೊಡ್ಡವರಿಗಾಗಿ ನಗುತ್ತವೆ ಎಂದು ಅವಳು ಕಲಿತದ್ದು ಆ ಕೋಣೆಯಲ್ಲಿ.

ಮುದಿ ಮಾಲೀಕ ಅವಳಿಗೆ ಈಜು ಕಲಿಸಿದ, ಆಮೇಲೆ ಉಸಿರಾಟದ ಗಾಳಿ ತುಂಬಿದ ಸಿಲಿಂಡರ್ ಬೆನ್ನಿಗೇರಿಸಿ ಆಳಕ್ಕೂ ಕರೆದೊಯ್ದ. ಕೈಲಾಗದೆ ಮನೆ ಸೇರಿದಾಗ ಅಂಗಡಿಯನ್ನು ಅಕ್ಕ ತಮ್ಮನಿಗೆ ಬಿಟ್ಟುಕೊಟ್ಟ. ತಮ್ಮ ದೋಣಿ, ಸಿಲಿಂಡರ್, ಬರುವ ಹೋಗುವ ಜನ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ. ಮಕ್ಕಳು ಅವಳ ಪಾಲಿಗೆ. ಮಾತಿನಲ್ಲಿ ಮನೆ ಕಟ್ಟುವ ಹುಡುಗ ಅವನು. ಗಿರಾಕಿ ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ ಬಂಧುವಾಗಿಬಿಡುತ್ತಿದ್ದ.

ಅವಳ ಪಾಠಕ್ಕೆ ಒಂದೇ ಕಟ್ಟಳೆ. ಅವಳು ಮಗುವನ್ನು ಹಿಡಿಯುತ್ತಿರಲಿಲ್ಲ. ಮಗುವೇ ಅವಳ ಕಿರುಬೆರಳು ಹಿಡಿಯಬೇಕು. "ನಾನು ಬಿಡಲ್ಲ. ನಿಂಗೆ ಸಾಕು ಅನ್ಸಿದಾಗ ನೀನೇ ಬಿಡು" ಎನ್ನುತ್ತಿದ್ದಳು. ಮಾಸ್ಕ್ ಹಾಕಿ, ಉಸಿರಾಡುವ ಸ್ನಾರ್ಕೆಲ್ ಕೊಳವೆ ಕಚ್ಚಿ, ನೀರಿನಲ್ಲಿ ಮುಖವಿಟ್ಟು ಬೋರಲು ತೇಲುವ ಮಗು ಒಂದು ದಿನ ತನಗೆ ಅರಿವಿಲ್ಲದಂತೆಯೇ ಬೆರಳು ಬಿಟ್ಟು ಯಾವುದೋ ಮೀನಿನ ಹಿಂದೆ ಹೊರಟುಬಿಡುತ್ತಿತ್ತು. ಕೆಲವಕ್ಕೆ ಅದೇ ದಿನ, ಕೆಲವಕ್ಕೆ ವಾರಗಟ್ಟಲೆ. ಅವಳು ಕಾಯುತ್ತಿದ್ದಳು.

ಔಷಧಿ ಅಂಗಡಿಯವರ ಮಗಳನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಮೊದಲ ದಿನ ಅವಳು ಉಗುಳುವುದಕ್ಕೇ ಒಪ್ಪಲಿಲ್ಲ.

"ಎಂಜಲಲ್ಲಿ ರೋಗಾಣು ಇರತ್ತೆ ಅಂತ ಅಪ್ಪ ಹೇಳಿದ್ದಾರೆ."

"ನಿನ್ನ ರೋಗಾಣು ನಿನಗೇನೂ ಮಾಡಲ್ಲ ಕಣೇ, ಅವು ನಿಮ್ಮನೆಯವೇ ತಾನೇ?"

ಗುಬ್ಬಿ ಯೋಚಿಸಿದಳು. "ಹಾಗಾದ್ರೆ ಸ್ವಲ್ಪ ಮಾತ್ರ" ಎಂದು ಚುಕ್ಕಿಯಷ್ಟು ಉಗುಳಿದಳು.

ಪ್ರತಿಯೊಂದಕ್ಕೂ ಅವಳ ಪ್ರಶ್ನೆ ಸಿದ್ಧವಿರುತ್ತಿತ್ತು. ಕೊಳವೆಗೆ ನೀರು ಬಂದರೆ? ಮೀನು ಬಂದು ಮೂಸಿದರೆ? ಟೀಚರಿಗೆ ಸೀನು ಬಂದರೆ ಬೆರಳು ಬಿಡುತ್ತಾರಾ? "ಸೀನಿದ್ರೂ ಬಿಡಲ್ಲ" ಎಂದಾಗ ಗುಬ್ಬಿ ಒಮ್ಮೆ ಸೀನಿ ತೋರಿಸಿ ಎಂದಳು. ಟೀಚರ್ ಸುಳ್ಳು ಸೀನು ಸೀನಿದಳು. ಗುಬ್ಬಿ ಬೆರಳನ್ನೇ ನೋಡುತ್ತಿದ್ದಳು. ಆಮೇಲೆಯೇ ನೀರಿಗಿಳಿದದ್ದು.

ಇಳಿದ ಮೇಲೆ ಅವಳು ಚೆನ್ನಾಗಿಯೇ ತೇಲುತ್ತಿದ್ದಳು, ಕಾಲು ಬಡಿಯುತ್ತಿದ್ದಳು, ಕೊಳವೆಯಲ್ಲೇ ಏನೇನೋ ಹಾಡುತ್ತಿದ್ದಳು. ಬೆರಳು ಮಾತ್ರ ಬಿಡುತ್ತಿರಲಿಲ್ಲ. ವಾರದ ಮೇಲೆ ವಾರ ಹೋಯಿತು. ಅವಳ ಜೊತೆ ಶುರು ಮಾಡಿದ ಮಕ್ಕಳೆಲ್ಲ ಕೊಲ್ಲಿಯ ನಡುವೆ ಕಟ್ಟಿದ್ದ ತೆಪ್ಪವನ್ನು ಮುಟ್ಟಿ ಬಂದಾಗಿತ್ತು.

"ನಿನ್ನ ಜಿಗಣೆ ಬಂತು ನೋಡು" ಎಂದು ತಮ್ಮ ರೇಗಿಸುತ್ತಿದ್ದ. "ಅಕ್ಕಾ, ಇವಳು ಮದುವೆಯಾಗಿ ಹೋಗುವಾಗ ನಿನ್ನ ಬೆರಳೂ ಜೊತೆಗೇ ಹೋಗತ್ತೆ."

"ಹೋಗಲಿ ಬಿಡೋ, ಇನ್ನೂ ಒಂಬತ್ತು ಇವೆ."

"ತಮಾಷೆ ಅಲ್ಲಕ್ಕಾ. ಅವರಪ್ಪ ಕೇಳ್ತಾ ಇದ್ದಾರೆ. ನೀರಿಗಿಳಿಯದೆ ಈಜು ಬರಲ್ಲ, ಕೈ ಬಿಡದೆ ಧೈರ್ಯ ಬರಲ್ಲ."

"ಅವಳು ಬಿಡ್ತಾಳೆ. ಮೊನ್ನೆ ಒಂದು ಕ್ಷಣ ಬೆರಳು ಸಡಿಲ ಮಾಡಿದ್ಲು."

ಅದು ನಿಜವಾಗಿತ್ತು. ಆ ಸಡಿಲ ಅವಳಿಗೆ ಮಾತ್ರ ಗೊತ್ತಾಗಿತ್ತು. ರಾತ್ರಿ ಊಟ ಮಾಡುವಾಗಲೂ ಅದನ್ನು ನೆನೆದು ತನ್ನಷ್ಟಕ್ಕೆ ನಕ್ಕಿದ್ದಳು.

ಮುಂದಿನ ಭಾನುವಾರ ಸಮುದ್ರ ತಟ್ಟೆಯ ನೀರಿನ ಹಾಗಿತ್ತು. ಗುಬ್ಬಿಯ ಅಪ್ಪ ಅಂಗಡಿಗೆ ರಜೆ ಹಾಕಿ, ಪ್ಯಾಂಟು ಮಡಿಸಿಕೊಂಡು ಬಂಡೆಯ ಮೇಲೆ ನಿಂತಿದ್ದ. ಟೀಚರ್ ಎದೆಮಟ್ಟದ ನೀರಿನಲ್ಲಿ ಗುಬ್ಬಿಯನ್ನು ತೇಲಿಸುತ್ತಿದ್ದಾಗ ತಮ್ಮ ಕಾಲೆಳೆಯುತ್ತಾ ನೀರಿಗಿಳಿದು ಬಂದ.

"ಅಕ್ಕಾ, ದಡದಲ್ಲಿ ಆ ಅವಳಿ ಮಕ್ಕಳ ತಾಯಿ ಕರೀತಿದ್ದಾರೆ. ಏನೋ ಅರ್ಜೆಂಟಂತೆ. ನೀನು ಹೋಗಿ ಬಾ, ಇವಳ ಹತ್ರ ನಾನಿರ್ತೀನಿ."

ಗುಬ್ಬಿ ತಲೆಯೆತ್ತಿ ಕೊಳವೆ ಉಗುಳಿದಳು. "ಟೀಚರ್, ಹೋಗಬೇಡಿ."

"ಈಗ ಬಂದ್ಬಿಡ್ತೀನಿ. ಅಲ್ಲೀವರೆಗೂ ಬೋಟ್ ಮಾಮನ ಬೆರಳು ಹಿಡ್ಕೋ. ನನ್ನ ಬೆರಳು ಬೇರೆ ಅಲ್ಲ, ಅವನ ಬೆರಳು ಬೇರೆ ಅಲ್ಲ. ಅವನೂ ಬಿಡಲ್ಲ."

"ಸೀನು ಬಂದ್ರೂ?"

"ಸೀನು ಬಂದ್ರೂ ಬಿಡಲ್ಲ ಪುಟ್ಟಿ" ಎಂದ ತಮ್ಮ, ದೇವರ ಮೇಲೆ ಆಣೆ ಇಟ್ಟವನ ಮುಖ ಮಾಡಿ.

ಅವಳು ತನ್ನ ಬೆರಳಿನಿಂದ ಆ ಪುಟ್ಟ ಮುಷ್ಟಿಯನ್ನು ಬಿಡಿಸಿ ತಮ್ಮನ ಬೆರಳಿಗೆ ದಾಟಿಸಿದಳು. ಕರುವಿನ ಹಗ್ಗವನ್ನು ನಂಬಿದವರ ಕೈಗೆ ಕೊಡುವ ಹಾಗೆ ಕೊಟ್ಟಳು.

ದಡದಲ್ಲಿ ಅವಳಿ ಮಕ್ಕಳ ತಾಯಿ ತಲೆ ಒರೆಸಿಕೊಳ್ಳುತ್ತಿದ್ದಳು. "ನಾನಾ? ನಾನು ಕರೀಲೇ ಇಲ್ವಲ್ಲ ಟೀಚರ್" ಎಂದಳು.

ಅಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು. ತಿರುಗಿ ನೋಡಿದರೆ ತಮ್ಮ ಎರಡೂ ಕೈಗಳನ್ನು ತಲೆಯ ಮೇಲೆತ್ತಿ ನಿಂತಿದ್ದಾನೆ. ಅವನಿಂದ ಆಚೆಗೆ, ಒಂದು ಸಣ್ಣ ಕೊಳವೆ ನೀರು ಸೀಳಿಕೊಂಡು ತೆಪ್ಪದ ಕಡೆ ಹೋಗುತ್ತಿದೆ. ಹಿಂದೆ ನೊರೆ ಏಳುತ್ತಿದೆ. ದಡದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಗುಬ್ಬಿ ತೆಪ್ಪದ ಹಗ್ಗಕ್ಕೆ ಜೋತುಬಿದ್ದು, ಮಾಸ್ಕ್ ಮೇಲೆ ಸರಿಸಿ ದಡದ ಕಡೆ ನೋಡಿದಳು.

ಗುಬ್ಬಿಯ ಅಪ್ಪ ಫೋನ್ ಹಿಡಿದುಕೊಂಡೇ ಟೀಚರ್ ಬಳಿ ಓಡಿಬಂದ. ಖುಷಿಗೆ ಅವನ ಮಾತು ಒಂದಕ್ಕೊಂದು ತಾಗುತ್ತಿತ್ತು.

"ಮೊದಲಿಂದ ಕೊನೆವರೆಗೂ ವಿಡಿಯೋ ಬಂತು ಟೀಚರ್! ನೀವು ದಡಕ್ಕೆ ಹೋದ ತಕ್ಷಣ ರೆಡಿ ಇರಿ ಅಂತ ನಿಮ್ಮ ತಮ್ಮ ನಿನ್ನೇನೇ ಹೇಳಿದ್ರು. ನಿಮ್ಮ ಪ್ಲಾನ್ ಅಂತೆ! ನೀವಿದ್ರೆ ಅವಳು ಬಿಡಲ್ಲ ಅಂತ ನೀವೇ ಹೇಳಿದ್ರಂತೆ. ಭಾರಿ ತಲೆ ನಿಮ್ದು!"

"ನನ್ನ ಪ್ಲಾನ್ ಅಲ್ಲ ಸಾರ್" ಎಂದಳು ಟೀಚರ್.

"ಯಾರದ್ದಾದ್ರೇನು, ಆಯ್ತಲ್ಲ!" ಎಂದು ಅವನು ಮಗಳನ್ನು ಎತ್ತಿಕೊಳ್ಳಲು ನೀರಿಗೆ ನುಗ್ಗಿದ.

ದಡಕ್ಕೆ ಬಂದ ಗುಬ್ಬಿ ಬೋಟ್ ಮಾಮ ಕೊಟ್ಟ ಬಿಸ್ಕತ್ತು ತಿಂದಳು. ಅವನ ಜೋಕಿಗೆ ನಕ್ಕಳು. ಟೀಚರ್ ಟವೆಲ್ ಹೊದಿಸಲು ಹೋದಾಗ ಮಾತ್ರ ಅದನ್ನು ಕೈಯಿಂದ ಇಸಿದುಕೊಂಡು ತಾನೇ ಹೊದ್ದುಕೊಂಡಳು. ಸಂಜೆ ಅವಳ ಸೂಟು ತೊಳೆಯುವಾಗ ಟೀಚರಿಗೆ ಹಳೆಯ ಆ ವಾಸನೆ ಮೂಗಿಗೆ ಬಡಿಯಿತು. ತನ್ನ ಪಾಠದಲ್ಲಿ ಹಾಗಾಗಿ ವರ್ಷಗಳೇ ಆಗಿದ್ದವು.

ತಮ್ಮ ಶಿಳ್ಳೆ ಹಾಕುತ್ತಾ ಕೋಣೆಗೆ ಬಂದ. ಅವಳ ಮುಖ ನೋಡಿ ಶಿಳ್ಳೆ ನಿಲ್ಲಿಸಿದ.

"ಅಕ್ಕಾ, ಒಂದೇ ಒಂದು ಮಾತು ಹೇಳು. ಮಗು ಈಜಿತೋ ಇಲ್ವೋ?"

"ಈಜಿತು."

"ಮತ್ತೆ? ಊರೇ ಮುಳುಗಿದ ಹಾಗೆ ಯಾಕೆ ಕೂತಿದ್ದೀಯ?"

"ನಾನು ಅವಳಿಗೆ ಮಾತು ಕೊಟ್ಟಿದ್ದೆ ಕಣೋ."

"ಮಾತು ಕೊಟ್ಟಿದ್ದು ನೀನು, ಬೆರಳು ಕಿತ್ಕೊಂಡಿದ್ದು ನಾನು. ನಿನ್ನ ಮಾತು ನಿನ್ನ ಹತ್ರ ಭದ್ರವಾಗಿದೆ."

"ನನ್ನನ್ನ ಸುಳ್ಳು ಹೇಳಿ ಕಳಿಸಿದೆ. ಅದೂ ಸಾಲದು ಅಂತ ನನ್ನ ಪ್ಲಾನ್ ಅಂತ ಯಾಕೆ ಹೇಳಿದೆ?"

"ನಂದು ಅಂದಿದ್ರೆ ಅವರಪ್ಪ ಒಪ್ತಿದ್ರಾ? ಟೀಚರ್ ಹೇಳಿದ್ದು ಅಂದ್ರೆ ಕಣ್ಣು ಮುಚ್ಕೊಂಡು ಒಪ್ತಾರೆ. ನಿನ್ನ ಹೆಸರಿಗೆ ಅಷ್ಟು ತೂಕ ಇದೆ, ಖುಷಿಪಡು." ಅವಳು ನಗದಿದ್ದುದನ್ನು ಕಂಡು ಅವನ ದನಿ ಏರಿತು. "ನನಗೆ ಸೈಕಲ್ ಕಲಿಸುವಾಗ ನೀನೇ ಹಿಂದಿನಿಂದ ಕೈ ಬಿಟ್ಟಿರಲಿಲ್ವಾ? ಆಗೆಲ್ಲಿತ್ತು ಈ ಸತ್ಯ?"

"ಬಿಡ್ತೀನಿ ಕಣೋ ಅಂತ ಕೂಗಿ ಹೇಳಿ ಬಿಟ್ಟಿದ್ದೆ."

"ನನಗೆ ಕೇಳಿಸಿರಲಿಲ್ಲ" ಎಂದು ಅವನು ಹೊರಟುಹೋದ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ದೂರಿಕೊಂಡರೂ ಕೇಳುವವರು ಯಾರು, ಮಗು ಈಜಿದೆಯಲ್ಲ? ಎಲ್ಲರ ಲೆಕ್ಕದಲ್ಲಿ ಅಲ್ಲಿ ತಪ್ಪೇ ನಡೆದಿರಲಿಲ್ಲ. ಅದು ತಪ್ಪು ಎಂದು ಅನ್ನಿಸಿದ್ದು ಇಬ್ಬರಿಗೆ ಮಾತ್ರ, ಅದರಲ್ಲೊಬ್ಬಳು ಎಂಟು ತುಂಬದ ಹುಡುಗಿ. ಆ ಹುಡುಗಿಗಾದರೂ ನಿಜ ಗೊತ್ತಾಗಬೇಕು ಎಂದು ಅವಳಿಗೆ ಅನ್ನಿಸಿತು. ಗುಬ್ಬಿಯೂ ಅಪ್ಪನ ಮಾತು ಕೇಳಿರಬೇಕು, ಟೀಚರೇ ಹೂಡಿದ ಆಟ ಎಂದು ತಿಳಿದಿರಬೇಕು. ಇಲ್ಲದಿದ್ದರೆ ಬೆರಳು ಕಿತ್ತುಕೊಂಡವನ ಜೊತೆ ನಕ್ಕು, ತನ್ನ ಕಡೆ ಬೆನ್ನು ತಿರುಗಿಸುತ್ತಿದ್ದಳೇ? ಇಡೀ ವಾರ ಅವಳು ಸಿಲಿಂಡರ್ ಒರೆಸುವಾಗ, ಕಾಲಿಗೆ ತೊಡುವ ಫಿನ್‌ಗಳನ್ನು ಜೋಡಿ ಮಾಡುವಾಗ ಅದೊಂದೇ ಮಾತನ್ನು ಮನಸ್ಸಿನಲ್ಲಿ ಹದಮಾಡಿಕೊಂಡಳು: ಪುಟ್ಟಿ, ಅದು ನನ್ನ ಪ್ಲಾನ್ ಅಲ್ಲ.

ಎಂಟು ತುಂಬಿದ ಮಕ್ಕಳಿಗೆ ಅಂಗಡಿಯ ಹಿಂದಿನ ಕೊಳದಲ್ಲಿ ಸಣ್ಣ ಸಿಲಿಂಡರಿನ ಪಾಠ. ಮುಂದಿನ ಭಾನುವಾರ ಗುಬ್ಬಿಗೆ ಎಂಟು ತುಂಬಿತ್ತು. ಅಪ್ಪ ಮಗಳನ್ನು ಕರೆತಂದು, "ಇನ್ನು ಸ್ಕೂಬಾನೇ ಟೀಚರ್, ಇವಳಿಗೆ ಭಯ ಅನ್ನೋದೇ ಇಲ್ಲ" ಎಂದು ಕೊಳದಾಚೆಯ ಬೆಂಚಿನಲ್ಲಿ ಕುಳಿತ. ಗುಬ್ಬಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಮಾಸ್ಕಿಗೆ ಉಗುಳಿದಳು, ಬೆಲ್ಟು ಬಿಗಿದಳು, ಒಂದೂ ಪ್ರಶ್ನೆ ಕೇಳಲಿಲ್ಲ.

ಆ ಪಾಠದಲ್ಲಿ ಇಬ್ಬರೂ ನೀರಿನಡಿ ಎದುರುಬದುರು ಮೊಣಕಾಲೂರಿ ಕೂರಬೇಕು. ಮಗು ಟೀಚರ್ ಮುಖವನ್ನೇ ನೋಡುತ್ತಾ, ಅವಳು ಉಸಿರು ಬಿಟ್ಟಾಗ ತಾನೂ ಬಿಡಬೇಕು. ಹೆದರಿ ಉಸಿರು ಕಟ್ಟಿಕೊಂಡು ಮೇಲೆದ್ದರೆ ಅಪಾಯ. ಇಬ್ಬರೂ ಇಳಿದರು. ಗುಬ್ಬಿ ಅವಳ ಭುಜದಾಚೆ ಕೊಳದ ಗೋಡೆಯನ್ನು ನೋಡುತ್ತಿದ್ದಳು. ಗುಳ್ಳೆಗಳು ಪುಟಪುಟನೆ, ಒಂದರ ಮೇಲೊಂದು ಬಿದ್ದು ಏಳುತ್ತಿದ್ದವು. ಟೀಚರ್ ತನ್ನ ಮಾಸ್ಕಿನತ್ತ ಬೆರಳು ತೋರಿಸಿದಳು. ಗುಬ್ಬಿ ನೋಡಲಿಲ್ಲ. ಟೀಚರ್ ಮೇಲೇಳುವ ಸನ್ನೆ ಮಾಡಿ ಗುಬ್ಬಿಯನ್ನು ನಿಧಾನವಾಗಿ ಮೇಲೆ ತಂದು ಮೆಟ್ಟಿಲ ಮೇಲೆ ಕೂರಿಸಿದಳು.

"ಪುಟ್ಟಿ, ನಿಂಗೊಂದು ಮಾತು ಹೇಳ್ಬೇಕು. ಆವತ್ತು ಬೆರಳು ಕಿತ್ಕೊಂಡಿದ್ದು ನನ್ನ ಪ್ಲಾನ್ ಅಲ್ಲ."

"ಗೊತ್ತು" ಎಂದಳು ಗುಬ್ಬಿ. "ಬೋಟ್ ಮಾಮಂದು. ಹೋಗು ಅಂತ ಅವರೇ ತಾನೇ ನಿಮ್ಮನ್ನ ಕಳಿಸಿದ್ದು."

ವಾರವಿಡೀ ಹದಮಾಡಿದ ಮಾತು ಅಲ್ಲಿಗೆ ಮುಗಿದುಹೋಯಿತು.

"ಮತ್ತೆ ನನ್ನ ಮೇಲೆ ಯಾಕೆ ಸಿಟ್ಟು?"

ಗುಬ್ಬಿ ಮಾಸ್ಕಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು.

"ನೀವೂ ಚಪ್ಪಾಳೆ ತಟ್ಟಿದ್ರಿ."

ಇಲ್ಲ ಎನ್ನಲು ಅವಳು ಬಾಯಿ ತೆರೆದಳು. ಆಗ ನೆನಪಾಯಿತು. ದಡದಲ್ಲಿ ತಿರುಗಿ ನಿಂತ ಕ್ಷಣ, ಆ ಸಣ್ಣ ಕೊಳವೆ ನೀರು ಸೀಳಿಕೊಂಡು ಹೋಗುವುದನ್ನು ಕಂಡು ಎದೆ ಹಿಗ್ಗಿತ್ತು. ಏನಾಗಿದೆ ಎಂದು ಬುದ್ಧಿಗೆ ತಿಳಿಯುವ ಮೊದಲೇ ಕೈಗಳು ತಟ್ಟಿದ್ದವು. ಎಲ್ಲರಿಗಿಂತ ಜೋರಾಗಿಯೇ ತಟ್ಟಿದ್ದವು.

"ತಟ್ಟಿದೆ" ಎಂದಳು. "ನೀನೇ ಬಿಟ್ಟೆ ಅಂದ್ಕೊಂಡೆ."

"ನಾನು ಬಿಡಲಿಲ್ಲ. ಮಾಮ ಕಿತ್ಕೊಂಡ್ರು. ನಾನು ತೆಪ್ಪದ ಹತ್ರ ನಿಮ್ಮನ್ನ ಹುಡುಕಿದೆ. ನೀವು ನಗ್ತಾ ಇದ್ರಿ."

"ಏನಾಯ್ತು ಟೀಚರ್? ಇಳಿಸಿ ಇಳಿಸಿ, ಅವಳಿಗೇನೂ ಆಗಲ್ಲ!" ಎಂದು ಆಚೆಯಿಂದ ಅಪ್ಪ ಕೂಗಿದ.

"ಇವತ್ತು ಬೇಡ ಸಾರ್."

"ಯಾಕೆ?"

"ನನ್ನ ಜೊತೆ ಕೆಳಗೆ ಬರೋಕೆ ಅವಳಿಗೆ ಇಷ್ಟ ಇಲ್ಲ. ಇಷ್ಟ ಇಲ್ದೆ ನಾನು ಕರ್ಕೊಂಡು ಹೋಗಲ್ಲ."

ಗುಬ್ಬಿ ತಾನೇ ಬೆಲ್ಟು ಬಿಚ್ಚಿದಳು. ಮಾಸ್ಕನ್ನು ಬಕೆಟ್ಟಿನ ಸಿಹಿನೀರಿನಲ್ಲಿ ಅದ್ದಿ ಗಾಜು ಮೇಲೆ ಮಾಡಿ ಇಟ್ಟಳು, ಕಲಿಸಿದ ಹಾಗೆಯೇ. ಅಪ್ಪ ಗೊಣಗುತ್ತಾ ಅವಳ ತಲೆ ಒರೆಸಿದ. ಹೋಗುವಾಗ ಬಾಗಿಲಲ್ಲಿದ್ದ ಬೋಟ್ ಮಾಮನಿಗೆ ಟಾಟಾ ಮಾಡಿದಳು.

ತಮ್ಮ ಒಳಗೆ ಬಂದವನೇ ಕೇಳಿದ. "ಏನಂತೆ ಜಿಗಣೆಗೆ? ನನ್ನ ಮೇಲೆ ಚಾಡಿ ಹೇಳಿದ್ಲಾ?"

"ನಿನ್ನ ಮೇಲೆ ಅವಳಿಗೆ ಸಿಟ್ಟೇ ಇಲ್ಲ."

"ನೋಡಿದ್ಯಾ! ಮಕ್ಕಳು ಅವತ್ತಿಂದವತ್ತಿಗೆ ಮರೀತಾವೆ. ನೀನೇ ಸುಮ್ನೆ ಎದೆಗೆ ಹಚ್ಕೊಂಡೆ."

"ಮರೆತಿಲ್ಲ ಕಣೋ. ನಿನ್ನಿಂದ ಅವಳಿಗೇನೂ ಬೇಕಾಗಿರಲಿಲ್ಲ, ಅಷ್ಟೇ. ನಾಳೆಯಿಂದ ನೀನು ಮಕ್ಕಳ ನೀರಿಗಿಳೀಬೇಡ."

ಅವನು ನಕ್ಕ. ಆಮೇಲೆ ನಗು ನಿಂತಿತು. "ನನ್ನನ್ನ ಸಾಕಿದವಳು ನೀನು. ಯಾರದೋ ಮಗುವಿನ ಒಂದು ಮಾತಿಗೆ ನನ್ನನ್ನ ದೂರ ಮಾಡ್ತೀಯಾ?"

ಸಾಕಿದ್ದಕ್ಕೇ ಈ ನೋವು ಎಂದುಕೊಳ್ಳುತ್ತಾ ಅವಳು ಗುಬ್ಬಿ ಬಿಚ್ಚಿಟ್ಟ ಬೆಲ್ಟನ್ನು ಎತ್ತಿಟ್ಟಳು. ತಮ್ಮ ದೋಣಿಯ ಬೀಗದ ಕೈ ಎತ್ತಿಕೊಂಡು, ಬಾಗಿಲನ್ನು ಹಾಗೆಯೇ ತೆರೆದಿಟ್ಟು ಹೋದ. ಅವಳು ಕೊಳದ ಮೆಟ್ಟಿಲ ಮೇಲೆ, ಗುಬ್ಬಿ ಕುಳಿತಿದ್ದ ಒದ್ದೆ ಜಾಗದ ಪಕ್ಕದಲ್ಲಿ, ಅಂದು ಚಪ್ಪಾಳೆ ತಟ್ಟಿದ್ದ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು.