ದವಡೆಯಲ್ಲಿಟ್ಟ ಚಿನ್ನದ ಹಣ

ಊಟಕ್ಕೆ ಕೂತಿದ್ದರೆ ಇದನ್ನು ಈಗ ಓದಬೇಡಿ. ಇದು ನಡೆದದ್ದು ನನಗೇ, ನನ್ನ ಬಾಯೊಳಗೇ. ಕಥೆ ಕಟ್ಟಲು ಬರುವವನಾಗಿದ್ದರೆ ಇಷ್ಟು ಹೊಲಸಾದದ್ದನ್ನು ಖಂಡಿತ ಕಟ್ಟುತ್ತಿರಲಿಲ್ಲ.

ನಾನು ಮುಳಬಾಗಿಲಿನವನು. ಹಳೇ ನಾಣ್ಯ ಕೊಂಡು ಮಾರುವುದು ನನ್ನ ಕಸುಬು. ತೊಂಬತ್ತರ ದಶಕದ ಕೊನೆಯ ಮಾತು. ಬೆಂಗಳೂರಿನ ನಾಣ್ಯ ಪ್ರದರ್ಶನದಲ್ಲಿ ಮೊದಲ ಸಲ ನನಗೇ ಒಂದು ಟೇಬಲ್ ಸಿಕ್ಕಿತ್ತು. ಅಲ್ಲಿಯವರೆಗೆ ದೊಡ್ಡ ವ್ಯಾಪಾರಿಗಳ ಹಿಂದೆ ನಿಂತು, ಅವರಿಗೆ ಟೀ ತಂದುಕೊಟ್ಟು ಸಾಕಾಗಿ ಹೋಗಿತ್ತು. ಈ ಸಲ ಗಾಜಿನ ಪೆಟ್ಟಿಗೆಯ ನಡುವೆ ಇಡಲು ಒಂದೇ ಒಂದು ಒಳ್ಳೇ ಚಿನ್ನದ ನಾಣ್ಯ ಬೇಕಿತ್ತು. ಇಲ್ಲದಿದ್ದರೆ ಹತ್ತರಲ್ಲಿ ಹನ್ನೊಂದಾಗಿ ವಾಪಸ್ ಬರಬೇಕಿತ್ತು.

ಪ್ರದರ್ಶನದ ಹಿಂದಿನ ದಿನ ತಾಯಲೂರಿನ ಹತ್ತಿರದ ಹಳ್ಳಿಯಿಂದ ವೆಂಕಟರವಣಪ್ಪ ಎಂಬ ರೈತ ಹೇಳಿಕಳುಹಿಸಿದ. ಹೋದಾಗ ಜಗಲಿಯ ಮೇಲೆ ಕೂತಿದ್ದ. ತಲೆ, ಮೀಸೆ ಎರಡನ್ನೂ ನುಣ್ಣಗೆ ಬೋಳಿಸಿದ್ದ. ನಮ್ಮ ಕಡೆ ಬೋಳುತಲೆ ಕಂಡರೆ ತಿರುಪತಿ ಎಂದೇ ಲೆಕ್ಕ. ವಾರಕ್ಕೊಬ್ಬರು ಮುಡಿ ಕೊಟ್ಟು ಬರುತ್ತಾರೆ.

"ಏನಪ್ಪಾ, ತಿರುಪತಿಗೆ ಹೋಗಿ ಬಂದಂಗೈತೆ! ಲಡ್ಡು ಎಲ್ಲಿ?" ಎಂದೆ.

ಅವನು ನಗಲಿಲ್ಲ. ಮಡಿಸಿದ ವೀಳ್ಯದೆಲೆ ಬಿಚ್ಚಿದ. ಒಳಗೆ ಚಿನ್ನದ ಹಣ... ಹಣ ಎಂದರೆ ಹಳೇ ಕಾಲದ ಪುಟಾಣಿ ನಾಣ್ಯ, ಉದ್ದಿನ ಕಾಳಿನಷ್ಟೇ ಗಾತ್ರ. ಇದರ ಮೇಲಿನ ಅಚ್ಚು ಚೂರೂ ಸವೆದಿರಲಿಲ್ಲ. ನನ್ನ ಟೇಬಲ್ಲಿಗೆ ಬೇಕಾದದ್ದು ಇದೇ.

"ಎಲ್ಲಿಂದ ಬಂತು?"

"ನಮ್ಮನೇದೇ ಸ್ವಾಮಿ. ಬೇಗ ತಗೊಂಡೋಗಿ" ಎಂದ.

ಕೇಳಿದ್ದು ಕೊಟ್ಟು ಹೊರಟೆ. ಇಷ್ಟು ಸಣ್ಣ ನಾಣ್ಯ ಜೇಬಿನ ಹೊಲಿಗೆಯಲ್ಲೇ ಜಾರಿಹೋಗುತ್ತದೆ, ಬಸ್ಸಿನಲ್ಲಿ ಜೇಬುಗಳ್ಳರ ಕಾಟ ಬೇರೆ. ಅದಕ್ಕೆ ನಮ್ಮಪ್ಪ ಕಲಿಸಿದ ಉಪಾಯವಿತ್ತು. ನೀರಲ್ಲಿ ತೊಳೆದು ಬಾಯೊಳಗೆ, ದವಡೆಯ ಪಕ್ಕ ಇಟ್ಟುಕೊಂಡರೆ ಯಾರಪ್ಪನ ಕೈಗೂ ಸಿಗುವುದಿಲ್ಲ. ಎಷ್ಟೋ ಸಲ ಹಾಗೆ ಒಯ್ದಿದ್ದೆ. ಈ ಸಲವೂ ಹಾಗೇ ಇಟ್ಟುಕೊಂಡೆ.

ಆ ರಾತ್ರಿ ಮಾಲೂರಿನ ಅಕ್ಕನ ಮನೆಯಲ್ಲಿ ಮಲಗಿ, ಬೆಳಿಗ್ಗೆ ಬೆಂಗಳೂರಿನ ರೈಲು ಹಿಡಿಯುವ ಯೋಚನೆ. ಮುಳಬಾಗಿಲಿನಲ್ಲಿ ಕೋಲಾರದ ಬಸ್ ಹತ್ತುವಾಗ ಕತ್ತಲಾಗಿತ್ತು. ಊರು ದಾಟಿದ ಮೇಲೆ ಒಳಗಿನ ದೀಪ ಆರಿಸಿದರು.

ಮೊದಲು ವಾಸನೆ ಬಂತು. ಹಳಸಿದ ಅಂಬಲಿ, ಒದ್ದೆ ಕಂಬಳಿ, ಅದರ ಜೊತೆಗೆ ತುಳಸಿ... ತಿರುಗಿ ನೋಡಿದರೆ ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ ಮುದುಡಿ ಕೂತಿದ್ದಳು. ಯಾವಾಗ ಬಂದಳೋ ಗಮನಿಸಿರಲಿಲ್ಲ.

"ನಾಯನಾ... ಒಂದು ಗುಟುಕು ನೀಳ್ಳು..." ತೆಲುಗಿನಲ್ಲಿ ನೀರು ಕೇಳುತ್ತಿದ್ದಳು.

ಬಾಟಲಿ ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ.

"ಕುಡಿಯಕ್ಕಾಗ್ತಿಲ್ಲ ನಾಯನಾ. ಬಾಯಾಗೆ ಏನೋ ಅಡ್ಡ ಇಕ್ಕವ್ನೆ."

"ಯಾರಜ್ಜೀ?" ನಾಣ್ಯ ಬೀಳದಂತೆ ತುಟಿ ಬಿಗಿಹಿಡಿದೇ ಕೇಳಿದೆ.

"ನನ್ ಮಗ."

ಅಷ್ಟೇ. ನನ್ನ ದವಡೆಯ ಪಕ್ಕದ ಹಣ ತಣ್ಣಗಾಯಿತು. ಬಾಯಿ ತುಂಬ ನೀರೂರಿತು... ಅಂಟಂಟು, ಹುಳಿ ಹುಳಿ. ಅದು ನನ್ನ ಎಂಜಲಲ್ಲ! ನಾಣ್ಯವನ್ನು ಒತ್ತಿ ಹಿಡಿಯಲು ನಾಲಿಗೆ ಹೊರಳಿಸಿದೆ. ಹಲ್ಲು ಸಿಗಲಿಲ್ಲ. ಮೇಲೆ, ಕೆಳಗೆ, ಎಲ್ಲೂ ಇಲ್ಲ. ಬರೀ ಮೆತ್ತನೆಯ ವಸಡು, ಮುದುಕರ ವಸಡು.

ಅಂಗೈಗೆ ಉಗಿದುಬಿಟ್ಟೆ. ಎದುರಿನ ಲಾರಿಯ ಬೆಳಕು ಬಿತ್ತು. ಅಂಗೈಯಲ್ಲಿ ಹಣವಿತ್ತು. ಅದರ ಸುತ್ತ ಕಪ್ಪಾದ ತುಳಸಿ ಎಲೆ, ನೆನೆದು ಊದಿಕೊಂಡ ಅಕ್ಕಿ ಕಾಳುಗಳು. ಬಾಯಿಗೆ ಅಕ್ಕಿ ಹಾಕುವುದು ಯಾರಿಗೆ ಎಂದು ನಿಮಗೆ ಹೇಳಬೇಕಾಗಿಲ್ಲ. ಉಳ್ಳವರ ಮನೆಯಲ್ಲಿ ಅದರ ಜೊತೆ ಚೂರು ಚಿನ್ನವನ್ನೂ ಹಾಕುತ್ತಾರೆ. ಆ ಬೋಳುತಲೆ ತಿರುಪತಿಯದಲ್ಲ, ತಾಯಿ ಸತ್ತದ್ದಕ್ಕೆ ಬೋಳಿಸಿದ್ದು ಎಂದು ಆಗ ಹೊಳೆಯಿತು. ಕಿಟಕಿಯಾಚೆ ತಲೆ ಹಾಕಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡೆ. ಒಳಗೆ ತಿರುಗಿದಾಗ ನನ್ನ ಹಲ್ಲುಗಳು ಮತ್ತೆ ನಾಲಿಗೆಗೆ ಸಿಕ್ಕವು, ಪಕ್ಕದ ಸೀಟು ಖಾಲಿ.

ಕೋಲಾರದಲ್ಲಿ ಇಳಿಯುವಾಗ ಕಂಡಕ್ಟರನನ್ನು ಕೇಳಿದೆ. "ನನ್ನ ಪಕ್ಕ ಇದ್ದ ಅಜ್ಜಿ ಎಲ್ಲಿ ಇಳಿದ್ರು?"

"ನಿಮ್ ತಾಯಿ ಅಲ್ವಾ ಸಾರ್? ನಿಮ್ ಕೈ ಹಿಡ್ಕೊಂಡೇ ಹತ್ತುದ್ರಲ್ಲ!" ಎಂದ. ಆಮೇಲೆ ಬಸ್ಸಿನೊಳಗೆ ಇಣುಕಿ, ದನಿ ತಗ್ಗಿಸಿದ. "ಬಸ್ಸು ಮಧ್ಯದಾಗೆ ಎಲ್ಲೂ ನಿಂತೇ ಇಲ್ವಲ್ಲ ಸಾರ್..."

ಮಾಲೂರಿಗೆ ಹೋಗಲಿಲ್ಲ. ಬಸ್ ನಿಲ್ದಾಣದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸುತ್ತಾ ರಾತ್ರಿ ಕಳೆದು, ಮೊದಲ ಬಸ್ಸಿಗೆ ವಾಪಸ್ ಹೊರಟೆ.

ವೆಂಕಟರವಣಪ್ಪ ಹಲ್ಲುಜ್ಜುತ್ತಿದ್ದ. ಅವನ ಬಾಯಿ ನೋಡಲಾಗದೆ ಮುಖ ತಿರುಗಿಸಿದೆ.

"ಥೂ, ನಿನ್ ಜನ್ಮಕ್ಕಿಷ್ಟು! ಹೆತ್ತವಳ ಬಾಯಿಂದ ಕಿತ್ತು ಮಾರ್ತೀಯೇನೋ?"

"ನಾನು ಕೀಳ್ಲಿಲ್ಲ ಸ್ವಾಮಿ, ಅಮ್ಮನಾಣೆ! ಬಾಯಾಗೆ ಇದ್ದಂಗೇ ಮಣ್ಣು ಮಾಡಿದ್ವಿ. ಮೂರನೇ ದಿನ ಹಾಲು ತುಪ್ಪ ಬಿಡಕ್ಕೆ ಹೋದ್ರೆ, ಮಣ್ಣಿನ ಮೇಲೆ ಕೂತಿತ್ತು. ಮನೆಯಾಗೆ ಇಟ್ಕೊಳ್ಳಕ್ಕೆ ಭಯ ಆಯ್ತು..."

ನನಗೆ ಅಜ್ಜಿಯ ಮಾತು ನೆನಪಾಯಿತು. "ಸತ್ತ ಮೇಲೆ ಇಕ್ಕಿದ್ಯಾ, ಜೀವ ಇರೋವಾಗ್ಲೇನಾ?"

ಅವನು ಬಾಯಿಯ ನೊರೆ ಉಗಿದು ಒರೆಸಿಕೊಂಡ.

"ಕೊನೇ ಉಸಿರು ಎಳೀತಾ ಇದ್ಲು ಸ್ವಾಮಿ. ಬಂಗಾರ ಬಾಯಿಗೆ ಬಿದ್ರೆ ಬೇಗ ಹೋಗ್ತಾಳೆ ಅಂದ್ರು... ಅಕ್ಕೀನೂ ಆಗ್ಲೇ ಹಾಕಿದ್ವಿ. ನೀರು ಕೇಳ್ತಾನೇ ಇದ್ಲು."

ಹೇಸಿಗೆಯಾಯಿತು. ಅವನ ಮೇಲೆ, ಆ ಹಣದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಬಾಯಿಯ ಮೇಲೆ. ಜಗಲಿಯ ಮೇಲೆ ಅದನ್ನು ಎಸೆದು ಬಂದೆ. ಬೆಂಗಳೂರಿನಲ್ಲಿ ನನ್ನ ಟೇಬಲ್ ಅಂದು ಖಾಲಿಯೇ ಇತ್ತು. ಮತ್ತೆಂದೂ ನನಗೆ ಟೇಬಲ್ ಕೊಡಲಿಲ್ಲ. ಅದಕ್ಕೆ ದುಃಖವಿದೆ, ಆದರೆ ಅದಲ್ಲ ಈಗಿನ ಕಷ್ಟ.

ಉಪ್ಪುನೀರು, ಬೇವಿನಕಡ್ಡಿ ಎಲ್ಲ ಆದ ಮೇಲೆ ಅಂದು ರಾತ್ರಿ ಹೆಂಡತಿ ಬಿಸಿ ಮುದ್ದೆ ಬಡಿಸಿದಳು. ಮೊದಲ ತುತ್ತು ನುಂಗಲು ಹೋದೆ. ದವಡೆಯ ಪಕ್ಕ ಏನೋ ತಡೆಯಿತು. ಗುಂಡಗೆ, ತಣ್ಣಗೆ, ಉದ್ದಿನ ಕಾಳಿನಷ್ಟು... ಉಗಿದು ನೋಡಿದರೆ ಬರೀ ಮುದ್ದೆ.

ಇವತ್ತಿಗೂ ಮೊದಲ ತುತ್ತು ಹಾಗೆಯೇ. ಹೆಂಡತಿ ಲೋಟದ ತುಂಬ ನೀರು ಕೊಡುತ್ತಾಳೆ. ನೀರು ಒಳಗೆ ಇಳಿಯುವುದೇ ಇಲ್ಲ.