ನಾನು ಬರೆಯದೆ ಬಿಟ್ಟ ಚೀಟಿ

ಆಗ ನನಗೆ ಐವತ್ತೆಂಟು ವರ್ಷ. ಒಂಬತ್ತು ವರ್ಷದ ಹಿಂದಿನ ಮಾತು. ಅರಸೀಕೆರೆಯ ಒಂದು ಕೊಬ್ಬರಿ ಶೆಡ್ಡಿನಲ್ಲಿ ನಾನು ಹೆಂಗಸರಿಗೆ ಮೇಸ್ತ್ರಿಯಾಗಿದ್ದೆ. ಇಪ್ಪತ್ತು ಚಿಲ್ಲರೆ ಜನ ನನ್ನ ಕೈಕೆಳಗೆ. ಅವರಲ್ಲಿ ಒಬ್ಬಳ ಕೆಲಸ ನನ್ನಿಂದ ಹೋಯಿತು. ಹೇಗೆ ಹೋಯಿತು ಅಂತ ಬರೆಯುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ನಲವತ್ತು ದಾಟಿದ ಮೇಲೆ ಸಂಜೆ ಶಾಲೆಯಲ್ಲಿ ಕಲಿತದ್ದು, ಅಷ್ಟೇ ಬರುವುದು.

ಕೆಲಸ ಏನೆಂದರೆ, ಬಲಿತ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಒಳಗಿನ ನೀರು ಹೀರಿಕೊಂಡು ತಿರುಳು ಒಣಗಿ ಗಿಟುಕಾಗುತ್ತದೆ. ಗಂಡಸರು ಸಿಪ್ಪೆ ಸುಲಿದು ಕೊಡುತ್ತಾರೆ. ನಾವು ಕಾಯನ್ನು ಎಡಗೈಯಲ್ಲಿ ಹಿಡಿದು, ತಿರುಗಿಸುತ್ತಾ, ಮಚ್ಚಿನ ಹಿಂಬದಿಯಿಂದ ತಟ್ಟಿ ಚಿಪ್ಪು ಬಿಡಿಸಬೇಕು. ಗಿಟುಕು ಇಡಿಯಾಗಿ ಬರಬೇಕು. ಒಡೆದರೆ ಎಣ್ಣೆಗೆ ಹೋಗುತ್ತದೆ, ಸಾಹುಕಾರರ ಮುಖ ಗಂಟಾಗುತ್ತದೆ. ಎಷ್ಟು ಜೋರಾಗಿ ತಟ್ಟಬೇಕು ಅನ್ನುವುದನ್ನು ಬಾಯಲ್ಲಿ ಹೇಳಿಕೊಡಲು ಆಗುವುದಿಲ್ಲ. ಅಂಗೈಗೆ ಗೊತ್ತಾಗಬೇಕು. ಗೊತ್ತಾಗುವ ತನಕ ಮಚ್ಚು ಜಾರಿ ಹೆಬ್ಬೆರಳಿಗೆ ಬೀಳುತ್ತಲೇ ಇರುತ್ತದೆ. ನನ್ನ ಎಡ ಹೆಬ್ಬೆರಳಲ್ಲಿ ಏಳು ಗಾಯದ ಗುರುತುಗಳಿವೆ. ಹೊಸಬಳು ಬಂದರೆ ಹಳಬರೆಲ್ಲ ತಮ್ಮ ಹೆಬ್ಬೆರಳು ತೋರಿಸುವುದು ನಮ್ಮಲ್ಲಿ ರೂಢಿ. ಗುರುತಿಲ್ಲದವಳನ್ನು ನಾವು ಕೆಲಸದವಳು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ.

ಆ ವರ್ಷ ಸಾಹುಕಾರರ ಸೊಸೆ ಶೆಡ್ಡಿನ ಮೇಲುಸ್ತುವಾರಿಗೆ ಬಂದರು. ಬೇಲೂರಿನ ಕಡೆಯವರು, ಓದಿದವರು. ಬಂದ ವಾರದಲ್ಲೇ ಒಂದು ಬಿಸ್ಕತ್ತಿನ ಡಬ್ಬದ ಮುಚ್ಚಳದಲ್ಲಿ ಚೀಟಿ ತೂರುವಷ್ಟು ಸೀಳು ಕೊಯ್ಯಿಸಿ, ಡಬ್ಬವನ್ನು ಗೋಡೆಗೆ ಹೊಡೆಸಿದರು.

"ಕೆಲಸ ಮಾಡೋರು ನೀವು. ಎಲ್ಲಿ ಕಷ್ಟ, ಹೇಗೆ ಮಾಡಿದ್ರೆ ಸುಲಭ ಅಂತ ನಮಗಿಂತ ನಿಮಗೆ ಗೊತ್ತಿರುತ್ತೆ. ಹೊಸದೇನಾದ್ರೂ ಹೊಳೆದ್ರೆ ಚೀಟಿ ಬರೆದು ಹಾಕಿ. ಹೆಸರು ಬೇಡ. ತಪ್ಪಾದ್ರೂ ಯಾರೂ ಬೈಯಲ್ಲ," ಅಂದರು.

ಅವರು ಅತ್ತ ಹೋದ ಮೇಲೆ ಹಗರೆಯಿಂದ ಬರುತ್ತಿದ್ದ ಒಬ್ಬಳು ಅಂದಳು, "ಇಷ್ಟ್ ದಿನ ಬಾಯ್ ತೆಗೆದ್ರೆ ಕೆಲ್ಸ ಹೋಗ್ತಿತ್ತು. ಇನ್ಮೇಲೆ ತೆಗೀದಿದ್ರೆ ಹೋಗ್ತೈತೋ ಏನೋ."

ನಗುವುದೇನೋ ನಕ್ಕರು, ಆದರೆ ಹೆದರಿಕೆ ಹೋಗಲಿಲ್ಲ. ಹೆಸರು ಬರೆಯದಿದ್ದರೂ ಅಕ್ಷರ ನೋಡಿ ಯಾರದು ಅಂತ ಲೆಕ್ಕ ಬರೆಯುವ ರೈಟರು ಕಂಡುಹಿಡಿಯುತ್ತಾನೆ ಅಂತ ಗುಮಾನಿ. ಅದಕ್ಕೆ ಹೆಂಗಸರೇ ಒಂದು ದಾರಿ ಹುಡುಕಿದರು. ಎಲ್ಲರ ಚೀಟಿಯನ್ನೂ ಒಂದೇ ಕೈ ಬರೆಯಬೇಕು. ಆಗ ಯಾರ ಮಾತು ಯಾರದು ಅಂತ ಗೊತ್ತಾಗುವುದಿಲ್ಲ. ಆ ಕೈ ನನ್ನದಾಗಲಿ ಅಂದರು. ನನಗಿಂತ ಚೆನ್ನಾಗಿ ಬರೆಯುವ ಹುಡುಗಿಯರು ನಾಲ್ಕಾರು ಜನ ಇದ್ದರು. ಆದರೂ ನಾನೇ ಆಗಲಿ ಅಂದರು, ಮೇಸ್ತ್ರಿ ಅಲ್ಲವೇ. ಊಟದ ಹೊತ್ತಿನಲ್ಲಿ ಒಬ್ಬೊಬ್ಬರೇ ಬಂದು ಕಿವಿಯಲ್ಲಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂದು ಚೀಟಿ ಮುಗಿಯುವಷ್ಟರಲ್ಲಿ ಮುದ್ದೆ ತಣ್ಣಗಾಗುತ್ತಿತ್ತು.

ಆಗ ಹಾರನಹಳ್ಳಿಯಿಂದ ಹೊಸಬಳೊಬ್ಬಳು ಸೇರಿದ್ದಳು. ಮೂವತ್ತರ ಆಸುಪಾಸು. ಗಂಡ ಇಲ್ಲ, ಇಬ್ಬರು ಮಕ್ಕಳು. ಹಿಂದೆ ಯಾವುದೋ ಮಿಷನ್ನಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಸೆಟೆದುಕೊಂಡಿದ್ದವು. ಅದನ್ನು ಮುಚ್ಚಿಟ್ಟು ಸೇರಿದ್ದಳು. ಕಾಯಿ ಹಿಡಿಯಲು ಕೂತಾಗ ಗೊತ್ತಾಯಿತು. ಕಾಯಿ ಜಾರುತ್ತಿತ್ತು, ಗಿಟುಕು ಒಡೆಯುತ್ತಿತ್ತು. ಹೊಸಬರಿಗೆ ಹದಿನೈದು ದಿನ ಅಂತ ವಾಯಿದೆ. ಅಷ್ಟರಲ್ಲಿ ಕೈ ಕೂರದಿದ್ದರೆ ಬೇಡ ಅನ್ನುತ್ತಿದ್ದರು. ಅವಳ ಮುಂದಿನ ಬುಟ್ಟಿಯಲ್ಲಿ ಇಡೀ ಗಿಟುಕಿಗಿಂತ ಒಡಕೇ ಹೆಚ್ಚು. ವಾಯಿದೆ ಮುಗಿಯಲು ಮೂರು ದಿನ ಇತ್ತು.

ಗುರುವಾರ ಊಟದ ಹೊತ್ತಿಗೆ ಅವಳು ನನ್ನ ಹತ್ತಿರ ಬಂದು ಚೀಲದಿಂದ ಒಂದು ಸಿಂಬೆ ತೆಗೆದಳು. ಸ್ಕೂಟರಿನ ಹಳೇ ಟ್ಯೂಬು ಕೊಯ್ದು, ಒಳಗೆ ತೆಂಗಿನ ನಾರು ತುರುಕಿ, ಕೊಡದ ಕೆಳಗೆ ಇಡುವ ಸಿಂಬೆಯ ಹಾಗೆ ಸುತ್ತಿ ಹೊಲಿದಿದ್ದಳು. ಅದನ್ನು ನೆಲದ ಮೇಲಿಟ್ಟು ಕಾಯಿ ಕೂರಿಸಿದಳು. ಕಾಯಿ ಅಲುಗಲಿಲ್ಲ. ಅಂಗೈಯಿಂದ ತಳ್ಳಿ ತಳ್ಳಿ ತಿರುಗಿಸುತ್ತಾ ತಟ್ಟಿದಳು. ಚಿಪ್ಪು ಬಿಟ್ಟುಕೊಂಡಿತು. ಒಂದಲ್ಲ, ನಾಲ್ಕು ಕಾಯಿ. ನಾಲ್ಕೂ ಇಡಿ.

"ನೋಡಿ ದೊಡ್ಡಕ್ಕ, ಹಿಡ್ಕಳಾಕೆ ಎಡಗೈ ಬೇಕಾಗೇ ಇಲ್ಲ. ಬೆರಳ್ಗೂ ಏಟ್ ಬೀಳಲ್ಲ."

ಅಕ್ಕಪಕ್ಕದವರು ಬಗ್ಗಿ ನೋಡಿದರು. ಒಬ್ಬಳು, "ಥೂ ನಿನ್ನ, ಇದು ನಮ್ಗ್ಯಾಕೆ ಹೊಳೀಲಿಲ್ಲ ಕಣೇ," ಅಂದಳು.

ನನಗೆ ಸಂತೋಷ ಆಗಲಿಲ್ಲ. ಆಗಲಿಲ್ಲ ಅಂದರೆ ಆಗಲಿಲ್ಲ. ಇವಳು ಹನ್ನೆರಡು ದಿನದವಳು. ನನಗೆ ಕೈ ಕೂರಲು ಎರಡು ವರ್ಷ ಬೇಕಾಗಿತ್ತು. ಆ ಸಿಂಬೆ ಬಂದರೆ ಯಾರು ಬೇಕಾದರೂ ನನ್ನ ಸಮಕ್ಕೆ ಕೂರುತ್ತಾರೆ.

"ಸಾಹುಕಾರ್ರು ನೋಡಿದ್ರೆ ನಗ್ತಾರೆ ಕಣೇ. ಮಕ್ಳಾಟ ಅಂತಾರೆ," ಅಂದೆ.

"ನಗ್ಲಿ ಬಿಡಿ. ಚೀಟಿ ಬರೀರಿ ದೊಡ್ಡಕ್ಕ. ಶನಿವಾರದೊಳ್ಗೆ ಅವ್ರಿಗೆ ಗೊತ್ತಾದ್ರೆ ನನ್ ಕೆಲ್ಸ ಉಳೀತೈತೆ."

"ಬರೀತೀನಿ ಹೋಗು."

ಚೀಟಿ ತೆಗೆದು ಬರೆದೆ. 'ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳ ಬೇಕು' ಅಂತ ಬರೆದೆ. ಅವಳ ಕಣ್ಣೆದುರೇ ಮಡಿಸಿ ಡಬ್ಬಕ್ಕೆ ಹಾಕಿದೆ. ಅವಳು ದೂರದಿಂದ ನೋಡುತ್ತಿದ್ದಳು. ಏನು ಬರೆದೆ ಅಂತ ಅವಳಿಗೆ ಕಾಣುವಂತಿರಲಿಲ್ಲ. ಟ್ಯೂಬು ಅಂತ ಬರೆಯಲು ಒತ್ತಕ್ಷರ ಬರಲಿಲ್ಲ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಡ್ರಮ್ಮು ಬರೆದವಳಿಗೆ ಟ್ಯೂಬು ಬರುತ್ತಿರಲಿಲ್ಲವೇ.

ಪ್ರತಿ ಶುಕ್ರವಾರ ಸೊಸೆಯವರು ಡಬ್ಬದಲ್ಲಿದ್ದ ಚೀಟಿಗಳನ್ನು ಮನೆಗೆ ಒಯ್ದು ಓದಿಕೊಂಡು, ಹಿಡಿಸಿದ್ದನ್ನು ಮಾತ್ರ ಶನಿವಾರ ಟೀ ಹೊತ್ತಿಗೆ ಎಲ್ಲರ ಮುಂದೆ ಓದುತ್ತಿದ್ದರು. ಆ ಶನಿವಾರವೂ ಓದಿದರು. ಫ್ಯಾನು ಕಟ್ಟಿಸಿ ಅಂತ ಒಂದು. ಚೀಲ ಹಾಸಿಕೊಂಡು ಕೂತರೆ ಸೊಂಟ ಹಿಡಿಯುತ್ತದೆ, ಮಣೆ ಬೇಕು ಅಂತ ಒಂದು. ಡ್ರಮ್ಮಿನ ಮುಚ್ಚಳ. "ಮುಚ್ಚಳ ಇವತ್ತೇ ತರಿಸ್ತೀನಿ," ಅಂದರು. ಅಲ್ಲಿಗೆ ಮುಗಿಯಿತು. ಹಾರನಹಳ್ಳಿಯವಳು ಲೋಟ ಕೈಯಲ್ಲೇ ಹಿಡಿದುಕೊಂಡು ಇನ್ನೂ ಕಾಯುತ್ತಿದ್ದಳು. ಅವರು ಎದ್ದು ಹೋದ ಮೇಲೂ ಕೂತೇ ಇದ್ದಳು. ಟೀ ಕುಡಿದಿರಲಿಲ್ಲ.

ಆಮೇಲೆ ನನ್ನ ಹತ್ತಿರ ಬಂದಳು. "ಬರೆದಿದ್ರಲ್ವಾ ದೊಡ್ಡಕ್ಕ?"

"ಬರೆದಿದ್ದೆ ಕಣೇ. ಅವ್ರಿಗೆ ಹಿಡಿಸ್ಲಿಲ್ಲ ಅಂತ ಕಾಣ್ತೈತೆ."

"ಹೂಂ," ಅಂದಳು, ಅಷ್ಟೇ. ಸಂಜೆ ರೈಟರು ಸೋಮವಾರದಿಂದ ಬರುವುದು ಬೇಡ ಅಂದ. ಸಿಂಬೆಯನ್ನು ಸೆರಗಿಗೆ ಒತ್ತಿಕೊಂಡು ಟೆಂಪೋ ನಿಲ್ಲುವ ಕಡೆ ಹೋದಳು. ನಾನು ಕೈಕಾಲು ತೊಳೆಯುವ ನೆಪ ಮಾಡಿಕೊಂಡು ನಲ್ಲಿಯ ಹತ್ತಿರವೇ ನಿಂತಿದ್ದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಸಿಂಬೆಯನ್ನು ಉಳಿದವರೂ ನೋಡಿದ್ದರಲ್ಲ. ಅಂಥದ್ದೇ ಸೊಸೆಯವರಿಗೆ ಹಿಡಿಸಲಿಲ್ಲ ಅಂದ ಮೇಲೆ ನಮ್ಮದೇನು ಅಂತ ಆಯಿತು. ಮುಂದಿನ ವಾರ ಎರಡು ಚೀಟಿ. ಅದರ ಮುಂದಿನ ವಾರ ಒಂದು, ಅದೂ ಮತ್ತೆ ಫ್ಯಾನಿನದು. ಆಮೇಲೆ ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಯಾರೂ ಸುಳಿಯಲಿಲ್ಲ. ಹಗರೆಯವಳಂತೂ, "ಅವ್ರಿಗೆ ಬೇಕಾಗಿರಾದು ಗೋಡೆ ಮೇಲೊಂದು ಡಬ್ಬ ಕಣ್ರೇ, ನಮ್ ಮಾತಲ್ಲ," ಅಂದಳು. ಎಲ್ಲರೂ ಹೌದು ಹೌದು ಅಂದರು. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ.

ಹೆಬ್ಬೆರಳು ಕೊಯ್ದುಕೊಂಡು ಒಬ್ಬ ಹುಡುಗಿ ಹೊಲಿಗೆ ಹಾಕಿಸಿಕೊಂಡು ಬಂದದ್ದೂ ಆ ದಿನಗಳಲ್ಲೇ. ಹಳಬರು ರೂಢಿಯಂತೆ ಅವಳ ಸುತ್ತ ಕೂತು ತಮ್ಮ ತಮ್ಮ ಗುರುತು ತೋರಿಸಿದರು. ನನ್ನ ಸರದಿ ಬಂದಾಗ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ನಾಲ್ಕನೇ ವಾರ ಡಬ್ಬ ಖಾಲಿ. ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ಸೊಸೆಯವರು ಬಂದು ನನ್ನ ಪಕ್ಕ ಚೀಲದ ಮೇಲೇ ಕೂತುಬಿಟ್ಟರು.

"ನಾನು ಎಲ್ಲಿ ತಪ್ಪಿದೆ ಹೇಳಿ ಮೇಸ್ತ್ರಮ್ಮ. ಕೇಳಿದ್ದಕ್ಕೆಲ್ಲ ಹೂಂ ಅಂದೆ. ಮಣೆ ತರಿಸಿದೆ. ಆದ್ರೂ ಯಾರಿಗೂ ನನ್ನ ಮೇಲೆ ನಂಬಿಕೆ ಇಲ್ಲ. ಮಾವನೋರು ಮೊದಲೇ ಹೇಳಿದ್ರು, ಇವೆಲ್ಲ ಇಲ್ಲಿ ನಡೆಯಲ್ಲ, ಅವ್ರಿಗೆ ಹೊಸದು ಏನೂ ಹೊಳೆಯಲ್ಲ ಅಂತ. ನಾಳೆ ಆ ಡಬ್ಬ ತೆಗೆಸಿಬಿಡ್ತೀನಿ."

"ನಿಮ್ ತಪ್ಪೇನಿಲ್ಲ ಬಿಡಿ ಅಮ್ಮಾವ್ರೆ," ಅಂದೆ. ಹಾಗಾದರೆ ಯಾರ ತಪ್ಪು ಅಂತ ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಡಬ್ಬ ಹೊಡೆಸಿದವರದು ಸರಿಯಾದ ಮನಸ್ಸೇ. ಆದರೆ ಡಬ್ಬಕ್ಕೂ ಹೆಂಗಸರಿಗೂ ನಡುವೆ ನಾನು ಕೂತಿದ್ದೆ. ಹೊಸದು ಬಂದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವಳ ಕೈಗೇ ಹೆಂಗಸರು ಪೆನ್ಸಿಲು ಕೊಟ್ಟಿದ್ದರು. ಅದನ್ನು ಸೊಸೆಯವರು ನೋಡಲಿಲ್ಲ. ನೋಡಬೇಕಾಗಿತ್ತು. ಹಾಗಂತ ನನ್ನ ತಪ್ಪನ್ನು ಅವರ ಮೇಲೆ ಹಾಕುವುದಿಲ್ಲ. ಇವತ್ತು ಆ ಶೆಡ್ಡಿನ ಮೇಸ್ತ್ರಿ ಹಾರನಹಳ್ಳಿಯವಳು. ಎಲ್ಲರೂ ಟ್ಯೂಬಿನ ಸಿಂಬೆ ಇಟ್ಟುಕೊಂಡೇ ಕೂರುತ್ತಾರೆ. ಅದು ನನ್ನಿಂದ ಆದದ್ದಲ್ಲ, ನನ್ನನ್ನು ದಾಟಿಕೊಂಡು ಆದದ್ದು.

ಸೊಸೆಯವರು ನನ್ನ ಪಕ್ಕ ಕೂತು ಹೋದ ಮರುದಿನ, ಶನಿವಾರ ಬೆಳಿಗ್ಗೆ, ನಾನು ಶೆಡ್ಡಿಗೆ ಹೋಗದೆ ಹಾರನಹಳ್ಳಿಯ ಟೆಂಪೋ ಹತ್ತಿದೆ. ಕೇಳಿಕೊಂಡು ಹೋದರೆ ಅವಳು ರಸ್ತೆ ಬದಿಯ ಹೋಟೆಲಿನ ಹಿಂದೆ ಇಡ್ಲಿ ತಟ್ಟೆ ತೊಳೆಯುತ್ತಿದ್ದಳು. ಸೆಟೆದ ಬೆರಳಲ್ಲಿ ತಟ್ಟೆ ನಿಲ್ಲದೆ ಎದೆಗೆ ಆನಿಸಿಕೊಂಡು ಉಜ್ಜುತ್ತಿದ್ದಳು. ರವಿಕೆ ಪೂರಾ ಒದ್ದೆ.

"ನಿನ್ ಚೀಟಿ ನಾನು ಬರೀಲೇ ಇಲ್ಲ. ಬೇಕು ಅಂತ್ಲೇ ಬರೀಲಿಲ್ಲ," ಅಂದೆ.

ಅವಳು ತಟ್ಟೆ ಕೆಳಗಿಟ್ಟಳು. "ಯಾಕೆ?"

"ನನ್ಗೆ ಎರಡು ವರ್ಷ ಹಿಡೀತು. ನಿನ್ಗೆ ಎರಡು ವಾರ."

"ಅಷ್ಟಕ್ಕಾ?"

"ಅಷ್ಟಕ್ಕೇ."

ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ, "ಅಮ್ಮಾವ್ರಿಗೆ ಹೇಳಿದ್ರಾ?" ಅಂದಳು.

"ಇನ್ನೂ ಇಲ್ಲ."

"ಮತ್ತೆ ಇಲ್ಲಿಗ್ಯಾಕ್ ಬಂದ್ರಿ? ನಾನು ಹೋಗ್ಲಿ ಬಿಡಿ ದೊಡ್ಡಕ್ಕ ಅಂತೀನಿ ಅಂತಾನಾ? ಅನ್ನಲ್ಲ. ಹೋಗಿ, ಅಲ್ಲಿ ಹೇಳ್ರಿ. ಅವ್ರು ಕರೆದ್ರೆ ಬತ್ತೀನಿ. ಆದ್ರೆ ನನ್ ಚೀಟಿ ನಾನೇ ಬರ್ಕೊತೀನಿ."

ಬಂದ ಟೆಂಪೋ ತಿರುಗಿ ನಿಂತಿತ್ತು. ಅದರಲ್ಲೇ ವಾಪಸ್ಸು ಹೊರಟೆ. ಶೆಡ್ಡಿಗೆ ಬಂದಾಗ ಟೀ ಹೊತ್ತು, ಎಲ್ಲರೂ ಲೋಟ ಹಿಡಿದು ಕೂತಿದ್ದರು, ಸೊಸೆಯವರು ಡಬ್ಬ ಕೀಳಿಸಲು ಆಳನ್ನು ಕರೆಯುತ್ತಿದ್ದರು. ಕೂರಿ ಮೇಸ್ತ್ರಮ್ಮ ಅಂದರು. ನಾನು ಕೂರಲಿಲ್ಲ. ಆ ಗುರುವಾರ ಹಾರನಹಳ್ಳಿಯವಳು ನನಗೆ ಏನು ತೋರಿಸಿದಳು, ನಾನು ಏನು ಬರೆದೆ, ಆ ಶನಿವಾರ ಅವಳಿಗೆ ಏನು ಹೇಳಿದೆ, ಮೂರನ್ನೂ ಸಾಲಿನ ಕೊನೆಯವಳಿಗೂ ಕೇಳುವ ಹಾಗೆ ನಿಂತುಕೊಂಡೇ ಹೇಳಿದೆ.